ಹಳೆಯ ಫೋಟೋ ಮೇಲೆ ವಾಟರ್‌ಮಾರ್ಕ್ ಇದ್ದರೆ ಅದು ಕಂಪನಿಯ ಸ್ವತ್ತೇ?

ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದ ಕಾಲದ ಕಪ್ಪು-ಬಿಳುಪು ಫೋಟೋ, ಶ್ರೀರಂಗಪಟ್ಟಣದ ಕೋಟೆಯ ಹಳೆಯ ಚಿತ್ರ, ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ. ಮಂಡ್ಯ ಸೀಮೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥವು ವರ್ಷಪೂರ್ತಿ ಓಡಾಡುತ್ತಿರುತ್ತವೆ. ಇವುಗಳ ಜೊತೆಗೆ ಎರಡು ನಂಬಿಕೆಗಳೂ ಓಡಾಡುತ್ತವೆ. ಮೊದಲನೆಯದು, "ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಫ್ರೀ, ಯಾರು ಬೇಕಾದರೂ ಬಳಸಬಹುದು." ಎರಡನೆಯದು, "ವಾಟರ್‌ಮಾರ್ಕ್ ಇದ್ದರೆ ಅದು ಆ ಕಂಪನಿಯದ್ದೇ, ಮುಟ್ಟಿದರೆ ಕೇಸ್ ಬೀಳುತ್ತದೆ."

ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಯಾರದೋ ದುಡಿಮೆಯನ್ನು ಕೇಳದೆ ಬಳಸಿ ತೊಂದರೆಗೆ ಸಿಲುಕುತ್ತಾರೆ. ಎರಡನೆಯದನ್ನು ನಂಬಿದವರು ತಮ್ಮದೇ ಊರಿನ ಇತಿಹಾಸದ ಚಿತ್ರಕ್ಕೆ, ಅದರ ಮೇಲೆ ಯಾವ ಹಕ್ಕೂ ಇಲ್ಲದವರಿಗೆ ಹಣ ಕಟ್ಟುತ್ತಾರೆ, ಇಲ್ಲವೇ ಹೆದರಿ ಚಿತ್ರವನ್ನೇ ಕೈಬಿಡುತ್ತಾರೆ. ಈ ಲೇಖನದಲ್ಲಿ ನಾವು ಎರಡನೆಯ ನಂಬಿಕೆಯನ್ನು ಹೆಚ್ಚಾಗಿ ಪರಿಶೀಲಿಸಿದ್ದೇವೆ.

ಚುಟುಕಾಗಿ ಉತ್ತರ

ವಾಟರ್‌ಮಾರ್ಕ್, ಬೆಲೆ, ಕಾಪಿರೈಟ್ ಚಿಹ್ನೆ ಇವು ಯಾವುವೂ ಮಾಲೀಕತ್ವಕ್ಕೆ ಸಾಕ್ಷಿಯಲ್ಲ. ಫೋಟೋ ಯಾರು ತೆಗೆದರು, ಯಾವಾಗ ತೆಗೆದರು, ಮೊದಲು ಎಲ್ಲಿ ಪ್ರಕಟವಾಯಿತು ಎಂಬುದೇ ಸಾಕ್ಷಿ. ಕಾಪಿರೈಟ್ ಅವಧಿ ಮುಗಿದ ಫೋಟೋ ಎಲ್ಲರ ಸ್ವತ್ತು. ಅದನ್ನು ಯಾರಾದರೂ ಮಾರಬಹುದು. ಆದರೆ ಬೇರೆಯವರು ಬಳಸದಂತೆ ಕಾಪಿರೈಟ್ ಹೆಸರಿನಲ್ಲಿ ತಡೆಯುವ ಅಧಿಕಾರ ಯಾರಿಗೂ ಇಲ್ಲ.

ಸಾರ್ವಜನಿಕ ಸ್ವತ್ತು ಎಂದರೇನು?

ಕಾಪಿರೈಟ್ ಎನ್ನುವುದು ಕಾಲಮಿತಿ ಇರುವ ಹಕ್ಕು. ಬರೆದವರಿಗೆ, ಚಿತ್ರ ಬಿಡಿಸಿದವರಿಗೆ, ಫೋಟೋ ತೆಗೆದವರಿಗೆ ಕಾನೂನು ಕೆಲವು ವರ್ಷಗಳ ಮಟ್ಟಿಗೆ ಆ ಹಕ್ಕು ಕೊಡುತ್ತದೆ. ಅವಧಿ ಮುಗಿದ ಮೇಲೆ ಕೃತಿ ಎಲ್ಲರದಾಗುತ್ತದೆ. ಇದಕ್ಕೆ ಸಾರ್ವಜನಿಕ ಸ್ವತ್ತು ಅಥವಾ ಪಬ್ಲಿಕ್ ಡೊಮೇನ್ ಎನ್ನುತ್ತಾರೆ.

ಹಳ್ಳಿಯ ಗೋಮಾಳವನ್ನು ನೆನಪಿಸಿಕೊಳ್ಳಿ. ಅಲ್ಲಿ ಎಲ್ಲರ ದನವೂ ಮೇಯಬಹುದು. ಒಬ್ಬರು ಅಲ್ಲಿಂದ ಹುಲ್ಲು ಕೊಯ್ದು ತಂದು, ಹೊರೆ ಕಟ್ಟಿ ಮಾರಿದರೆ ಅದು ಅವರ ದುಡಿಮೆಯ ಬೆಲೆ. ಆದರೆ ಅವರೇ ಗೋಮಾಳಕ್ಕೆ ಬೇಲಿ ಹಾಕಿ, "ಇನ್ನು ಇಲ್ಲಿ ಯಾರೂ ಬರಬೇಡಿ" ಎಂದರೆ ಅದು ಒತ್ತುವರಿ. ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಜಮೀನು ಅವರದಲ್ಲ. ಫೋಟೋ ಮೇಲಿನ ವಾಟರ್‌ಮಾರ್ಕ್ ಬೇಲಿ ಇದ್ದಂತೆ. ನಾವು ಕೇಳಬೇಕಾದದ್ದು ಪಹಣಿಯನ್ನು.

ಪುಸ್ತಕಗಳಲ್ಲಿ ಇದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಕುಮಾರವ್ಯಾಸ ಭಾರತವನ್ನು ಯಾವ ಪ್ರಕಾಶಕರು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಅವರು ಬರೆಸಿದ ಮುನ್ನುಡಿ, ಟಿಪ್ಪಣಿಗಳ ಮೇಲೆ ಹಕ್ಕು ಇರಬಹುದು. ಆದರೆ ಕಾವ್ಯವನ್ನು ಇನ್ನೊಬ್ಬರು ಅಚ್ಚು ಹಾಕಬಾರದು ಎನ್ನಲು ಬರುವುದಿಲ್ಲ. ಹಳೆಯ ಫೋಟೋಗಳಿಗೂ ಇದೇ ನಿಯಮ.

ಭಾರತದಲ್ಲಿ ಫೋಟೋ ಯಾವಾಗ ಎಲ್ಲರದಾಗುತ್ತದೆ?

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದು ಜಾರಿಗೆ ಬಂದದ್ದು 1958ರ ಜನವರಿ 21ರಂದು. ಅದರ ಪ್ರಕಾರ ಫೋಟೋ ಪ್ರಕಟವಾದ ಮರುವರ್ಷದ ಆರಂಭದಿಂದ 50 ವರ್ಷ ಕಾಪಿರೈಟ್ ಇರುತ್ತಿತ್ತು. 1992ರ ತಿದ್ದುಪಡಿಯಿಂದ ಇದು 60 ವರ್ಷವಾಯಿತು. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಫೋಟೋಗಳಿಗಿದ್ದ ಪ್ರತ್ಯೇಕ ಲೆಕ್ಕವನ್ನೇ ತೆಗೆದುಹಾಕಲಾಯಿತು. ಈಗ ಫೋಟೋಗೂ ಕಥೆ-ಕಾದಂಬರಿಗಳ ಹಾಗೆಯೇ, ತೆಗೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ.

ಇಲ್ಲೊಂದು ಮುಖ್ಯವಾದ ಅಂಶವಿದೆ. 2012ರ ಬದಲಾವಣೆ ಬರುವ ಮೊದಲೇ ಅವಧಿ ಮುಗಿದಿದ್ದ ಫೋಟೋಗಳಿಗೆ ಮತ್ತೆ ಜೀವ ಬರುವುದಿಲ್ಲ. ಹಾಗಾಗಿ ನೆನಪಿಟ್ಟುಕೊಳ್ಳಲು ಒಂದು ಸರಳ ಲೆಕ್ಕ: 1951ರ ಅಂತ್ಯದೊಳಗೆ ಪ್ರಕಟವಾಗಿದ್ದ ಫೋಟೋದ 60 ವರ್ಷ 2011ರ ಡಿಸೆಂಬರ್ 31ಕ್ಕೆ ಮುಗಿದಿರುತ್ತದೆ. ಭಾರತದಲ್ಲಿ ಅದು ಎಲ್ಲರ ಸ್ವತ್ತು. ಸರ್ಕಾರದ ಪ್ರಕಟಣೆಗಳಿಗೆ ಪ್ರತ್ಯೇಕ ನಿಯಮವಿದೆ. ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಷ್ಟೇ.

ಈ ಲೆಕ್ಕದಲ್ಲಿ "ಪ್ರಕಟವಾದ" ಎಂಬ ಪದಕ್ಕೆ ತೂಕ ಹೆಚ್ಚು. ಮನೆಯ ಆಲ್ಬಂನಲ್ಲೋ ಕಬ್ಬಿಣದ ಪೆಟ್ಟಿಗೆಯಲ್ಲೋ ಇದ್ದು ಎಲ್ಲೂ ಅಚ್ಚಾಗದ ಫೋಟೋಗಳ ವಿಷಯ ಇಷ್ಟು ಸರಳವಲ್ಲ. ಅವನ್ನು ಬಳಸುವಾಗ ಆ ಕುಟುಂಬದವರನ್ನು ಕೇಳುವುದೇ ಸರಿಯಾದ ದಾರಿ.

ನಮ್ಮ ಸೀಮೆಯ ಚಿತ್ರಗಳಿಗೆ ಈ ಲೆಕ್ಕ ಹಾಕೋಣ

ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯ ಒಂದು ಶಾಲೆ ಸ್ಮರಣ ಸಂಚಿಕೆ ತರುತ್ತಿದೆ ಎಂದುಕೊಳ್ಳಿ. ಅದರಲ್ಲಿ ಜಿಲ್ಲೆಯ ಇತಿಹಾಸದ ನಾಲ್ಕು ಚಿತ್ರಗಳನ್ನು ಹಾಕಬೇಕು ಎಂಬುದು ಮೇಷ್ಟ್ರ ಆಸೆ.

ಒಂದು, ಕನ್ನಂಬಾಡಿ ಕಟ್ಟೆ. ಕೃಷ್ಣರಾಜಸಾಗರದ ಕಾಮಗಾರಿ ಶುರುವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಆರಂಭದ ಹೊತ್ತಿಗೆ. ಕಾಮಗಾರಿ ನಡೆಯುವಾಗ ತೆಗೆದ ಫೋಟೋವೊಂದು 1928ರಲ್ಲಿ ಸರ್ಕಾರಿ ವರದಿಯಲ್ಲಿ ಅಚ್ಚಾಗಿತ್ತು ಎಂದಿಟ್ಟುಕೊಂಡರೆ, ಅಂದಿನ 50 ವರ್ಷದ ಲೆಕ್ಕದಲ್ಲೇ ನೋಡಿದರೆ 1978ಕ್ಕೆ ಅವಧಿ ಮುಗಿಯಿತು. 60 ವರ್ಷ ಹಿಡಿದರೂ 1988. ಇಂದು ಅದರ ಮೇಲೆ ಯಾರು ಮೊಹರು ಒತ್ತಿದರೂ ಹಕ್ಕು ಮರಳಿ ಹುಟ್ಟುವುದಿಲ್ಲ.

ಎರಡು, ಶ್ರೀರಂಗಪಟ್ಟಣ. ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ ಸೈನ್ಯದ ಜೊತೆ ಬಂದು, ಮೈಸೂರು ಸೀಮೆಯ ದೃಶ್ಯಗಳನ್ನು ಬರೆದು 1794ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ತೀರಿಕೊಂಡದ್ದು 1834ರಲ್ಲಿ. ಆ ಕಾಲದ ಇಂಥ ಚಿತ್ರಗಳು ಇಂದು ಸ್ಟಾಕ್ ಫೋಟೋ ಸೈಟ್‌ಗಳಲ್ಲಿ ಬೆಲೆಯೊಂದಿಗೆ ಸಿಗುತ್ತವೆ. ಆ ಬೆಲೆ ದೊಡ್ಡ ಗಾತ್ರದ ಸ್ಕ್ಯಾನ್ ಪ್ರತಿ ಒದಗಿಸುವುದಕ್ಕೆ. ಚಿತ್ರವಂತೂ ಯಾವತ್ತೋ ಎಲ್ಲರದಾಗಿದೆ.

ಮೂರು, "ಟಿಪ್ಪು ಸುಲ್ತಾನನ ಅಸಲಿ ಫೋಟೋ." ಇದರಲ್ಲಿ ಕಾಪಿರೈಟ್ ಪ್ರಶ್ನೆಗಿಂತ ಮೊದಲು ಬರುವುದು ಸತ್ಯದ ಪ್ರಶ್ನೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಫೋಟೋ ತೆಗೆಯುವ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಹಾಗಾಗಿ ಟಿಪ್ಪುವಿನ ಫೋಟೋ ಇರಲು ಸಾಧ್ಯವೇ ಇಲ್ಲ. ಆ ಹೆಸರಿನಲ್ಲಿ ಹೆಚ್ಚಾಗಿ ಓಡಾಡುವ ಫೋಟೋ ಆಫ್ರಿಕಾದ ಜಾಂಜಿಬಾರ್‌ನ ವ್ಯಾಪಾರಿ ಟಿಪ್ಪು ಟಿಪ್ ಎಂಬವರದು. ಚಿತ್ರ ಯಾವಾಗಿನದು ಎಂದು ಕೇಳುವ ಅಭ್ಯಾಸ ಇದ್ದರೆ ಸುಳ್ಳೂ ಸಿಕ್ಕಿಬೀಳುತ್ತದೆ, ಸುಳ್ಳು ಹಕ್ಕೂ ಸಿಕ್ಕಿಬೀಳುತ್ತದೆ.

ನಾಲ್ಕು, ಹೊಯ್ಸಳರ ದೇವಾಲಯಗಳು. ಆಂಡ್ರ್ಯೂ ನೀಲ್ ಎಂಬ ವೈದ್ಯರು 1850ರ ದಶಕದಲ್ಲಿ ಹಳೇಬೀಡಿನ ಫೋಟೋಗಳನ್ನು ತೆಗೆದಿದ್ದರು. ಧಾರವಾಡ ಮತ್ತು ಮೈಸೂರು ಪ್ರಾಂತ್ಯಗಳ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವು ಸೇರಿವೆ. ಅವು ಮುಕ್ತ. ಆದರೆ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ದೇವಾಲಯವನ್ನು ಕಳೆದ ವರ್ಷ ಯಾರೋ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರೆ ಅದು ಮುಕ್ತವಲ್ಲ. ದೇವಾಲಯಕ್ಕೆ ಏಳು ನೂರು ವರ್ಷ ದಾಟಿರಬಹುದು, ಫೋಟೋಗೆ ಒಂದೇ ವರ್ಷ. ಕೋನ, ಬೆಳಕು, ಹೊತ್ತು ಆರಿಸಿ ತೆಗೆದವರಿಗೆ ಅದರ ಹಕ್ಕು ಇರುತ್ತದೆ.

ಕಂಪನಿಗಳು ಹಕ್ಕು ಹೇಳುವುದು ಹೇಗೆ?

ಸ್ಟಾಕ್ ಫೋಟೋ ಕಂಪನಿಗಳು ಕೋಟಿಗಟ್ಟಲೆ ಚಿತ್ರಗಳನ್ನು ಸಂಗ್ರಹಿಸಿ ಬಾಡಿಗೆಗೆ ಕೊಟ್ಟಂತೆ ಪರವಾನಗಿ ಕೊಡುತ್ತವೆ. ಹೊಸ ಚಿತ್ರಗಳ ವಿಷಯದಲ್ಲಿ ಇದು ನ್ಯಾಯವಾದ ವ್ಯಾಪಾರ, ಛಾಯಾಗ್ರಾಹಕರಿಗೂ ಪಾಲು ಸಿಗುತ್ತದೆ. ತೊಂದರೆ ಇರುವುದು ಹಳೆಯ, ಮುಕ್ತವಾದ ಚಿತ್ರಗಳೂ ಅದೇ ರಾಶಿಗೆ ಸೇರಿ, ಅದೇ ವಾಟರ್‌ಮಾರ್ಕ್, ಅದೇ ಎಚ್ಚರಿಕೆಯ ಸಾಲು ಹೊತ್ತು ಕೂತಾಗ. ನೋಡುವವರಿಗೆ ಯಾವುದು ಯಾರದು ಎಂದು ತಿಳಿಯುವುದಿಲ್ಲ. ಇದರ ಮೇಲೆ, ಇಂಟರ್ನೆಟ್ ಜಾಲಾಡಿ ಒಂದೇ ರೀತಿಯ ಚಿತ್ರಗಳನ್ನು ಹುಡುಕುವ ಸಾಫ್ಟ್‌ವೇರ್ ಇದೆ. ಅದು ಚಿತ್ರವನ್ನು ಹೊಂದಿಸಿ ನೋಡುತ್ತದೆಯೇ ಹೊರತು, ಆ ಚಿತ್ರ ಮುಕ್ತವೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. ಹೊಂದಿಕೆಯಾದ ಕೂಡಲೇ ದಂಡದ ಪತ್ರ ಹೊರಡುತ್ತದೆ.

ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ಅವರದು. ಅವರು ತಮ್ಮ ಸಾವಿರಾರು ಫೋಟೋಗಳನ್ನು ಜನರ ಬಳಕೆಗೆಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ದರು. 2015ರ ಡಿಸೆಂಬರ್‌ನಲ್ಲಿ ಅವರು ನಡೆಸುವ ಸಂಸ್ಥೆಗೇ ಒಂದು ಪತ್ರ ಬಂತು. ಅವರೇ ತೆಗೆದ ಫೋಟೋವನ್ನು ಅವರದೇ ವೆಬ್‌ಸೈಟ್‌ನಲ್ಲಿ ಹಾಕಿದ್ದಕ್ಕೆ 120 ಡಾಲರ್ ಕಟ್ಟಬೇಕಂತೆ! ಪತ್ರ ಕಳುಹಿಸಿದ್ದು ಅಲಾಮಿ ಎಂಬ ಸ್ಟಾಕ್ ಕಂಪನಿಯ ಪರವಾಗಿ. ಹುಡುಕಿದಾಗ, ಗೆಟ್ಟಿ ಇಮೇಜಸ್‌ನಲ್ಲಿ ತಮ್ಮ 18,755 ಫೋಟೋಗಳು ಮಾರಾಟಕ್ಕಿವೆ ಎಂದು ಅವರು ಆರೋಪಿಸಿದರು. 2016ರ ಜುಲೈನಲ್ಲಿ 100 ಕೋಟಿ ಡಾಲರ್ ಪರಿಹಾರ ಕೇಳಿ ನ್ಯೂಯಾರ್ಕ್‌ನಲ್ಲಿ ಕೇಸು ಹಾಕಿದರು.

ಫಲಿತಾಂಶ ಹಲವರಿಗೆ ಅಚ್ಚರಿ ತಂದಿತು. ಕೋರ್ಟು ಅವರ ಕಾಪಿರೈಟ್ ವಾದಗಳನ್ನು ತಳ್ಳಿಹಾಕಿತು. ಹಕ್ಕನ್ನು ಅವರೇ ಬಿಟ್ಟುಕೊಟ್ಟಿದ್ದರಿಂದ ಅದರ ಹೆಸರಿನಲ್ಲಿ ದೂರು ಹೇಳಲು ಬರುವುದಿಲ್ಲ ಎಂಬುದು ಇದರ ತಿರುಳು. ಉಳಿದ ಭಾಗ ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಮುಕ್ತ ಚಿತ್ರಗಳನ್ನು ಒದಗಿಸಲು ಶುಲ್ಕ ಪಡೆಯುವುದು ರೂಢಿಯಲ್ಲಿರುವ ವ್ಯಾಪಾರವೇ ಎಂಬುದು ಗೆಟ್ಟಿಯ ವಾದವಾಗಿತ್ತು. ಇಲ್ಲಿ ನಮಗಿರುವ ಪಾಠ ಇಷ್ಟು: ಎಲ್ಲರದಾದ ಚಿತ್ರವನ್ನು ಮಾರುವುದು ತಪ್ಪಲ್ಲ. ಆದರೆ ಎಲ್ಲರದು ಎಂದ ಮೇಲೆ ಅದರ ಪರವಾಗಿ ಕೋರ್ಟಿಗೆ ಹೋಗಲು ಒಬ್ಬ ಯಜಮಾನರೂ ಇರುವುದಿಲ್ಲ. ಸುಳ್ಳು ಹಕ್ಕು ಹೇಳುವವರಿಗೆ ಧೈರ್ಯ ಬರುವುದು ಇಲ್ಲಿಂದಲೇ.

ಇನ್ನೊಂದು ಪ್ರಕರಣ ಚೀನಾದ್ದು. 2019ರ ಏಪ್ರಿಲ್ 10ರಂದು ವಿಜ್ಞಾನಿಗಳು ಕಪ್ಪುಕುಳಿಯ ಮೊಟ್ಟಮೊದಲ ಚಿತ್ರವನ್ನು ಬಿಡುಗಡೆ ಮಾಡಿದರು. ಹೆಸರು ನಮೂದಿಸಿ ಯಾರು ಬೇಕಾದರೂ ಬಳಸಬಹುದು ಎಂಬ ಮುಕ್ತ ಪರವಾನಗಿ ಅದಕ್ಕಿತ್ತು. ಆದರೂ ವಿಷುಯಲ್ ಚೀನಾ ಗ್ರೂಪ್ ಎಂಬ ಕಂಪನಿಯ ಸೈಟಿನಲ್ಲಿ ಅದು ಕಂಪನಿಯ ಹಕ್ಕಿನ ಚಿತ್ರವಾಗಿ ಕಾಣಿಸಿಕೊಂಡಿತು. ಜನ ಕೆದಕಿ ನೋಡಿದರೆ ಚೀನಾದ ರಾಷ್ಟ್ರಧ್ವಜ, ರಾಷ್ಟ್ರಲಾಂಛನಕ್ಕೂ ಅದೇ ಮೊಹರು ಬಿದ್ದಿತ್ತು! ಕಂಪನಿ ಕ್ಷಮೆ ಕೇಳಿ ಸೈಟನ್ನು ಕೆಲಕಾಲ ಮುಚ್ಚಬೇಕಾಯಿತು. ಅಧಿಕಾರಿಗಳು 3 ಲಕ್ಷ ಯುವಾನ್ ದಂಡ ಹಾಕಿದರು.

ಸ್ಕ್ಯಾನ್ ಮಾಡಿದವರಿಗೆ ಹೊಸ ಹಕ್ಕು ಬರುತ್ತದೆಯೇ?

"ಫೋಟೋ ಹಳೆಯದೇ, ಆದರೆ ಸ್ಕ್ಯಾನ್ ಮಾಡಿ ಶುದ್ಧಗೊಳಿಸಿದ್ದು ನಾವು" ಎಂಬ ವಾದವೂ ಬರುತ್ತದೆ. 1999ರಲ್ಲಿ ಬ್ರಿಜ್‌ಮನ್ ಮತ್ತು ಕೋರೆಲ್ ಕಂಪನಿಗಳ ನಡುವಿನ ಪ್ರಕರಣದಲ್ಲಿ ಅಮೆರಿಕದ ಕೋರ್ಟು ಇದನ್ನು ಒಪ್ಪಲಿಲ್ಲ. ಮುಕ್ತವಾದ ವರ್ಣಚಿತ್ರವನ್ನು ಇದ್ದದ್ದು ಇದ್ದ ಹಾಗೆ ಪ್ರತಿ ಮಾಡಿದರೆ ಅದರಲ್ಲಿ ಹೊಸ ಸೃಷ್ಟಿ ಇಲ್ಲ, ಆದ್ದರಿಂದ ಹೊಸ ಕಾಪಿರೈಟೂ ಇಲ್ಲ ಎಂದಿತು. ಐರೋಪ್ಯ ಒಕ್ಕೂಟ 2019ರ ತನ್ನ ನಿರ್ದೇಶನದಲ್ಲಿ ಇದೇ ತತ್ವವನ್ನು ಸೇರಿಸಿತು.

ಭಾರತದಲ್ಲಿ ದಾರಿ ತೋರುವುದು 2007ರ ಡಿಸೆಂಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು. ಈಸ್ಟರ್ನ್ ಬುಕ್ ಕಂಪನಿ ಕೋರ್ಟಿನ ತೀರ್ಪುಗಳನ್ನು ತಿದ್ದಿ ಜೋಡಿಸಿ ಪ್ರಕಟಿಸುತ್ತಿತ್ತು. ಅವನ್ನು ಬೇರೆಯವರು ಸಿ.ಡಿ.ಯಲ್ಲಿ ತಂದಾಗ ಕೇಸು ಹಾಕಿತು. ತೀರ್ಪುಗಳ ಮೂಲಪಾಠ ಸಾರ್ವಜನಿಕ ಸ್ವತ್ತು, ಬರೀ ಶ್ರಮ-ಬಂಡವಾಳ ಹಾಕಿದ ಮಾತ್ರಕ್ಕೆ ಕಾಪಿರೈಟ್ ಹುಟ್ಟದು, ಕನಿಷ್ಠ ಮಟ್ಟದ ಸೃಜನಶೀಲತೆ ಬೇಕು ಎಂದು ಕೋರ್ಟ್ ಹೇಳಿತು. ಪ್ಯಾರಾ ವಿಂಗಡಣೆಯಂಥ, ಸಂಪಾದಕರು ತಮ್ಮ ವಿವೇಚನೆ ಬಳಸಿ ಮಾಡಿದ ಕೆಲವು ಕೆಲಸಗಳಿಗೆ ಮಾತ್ರ ರಕ್ಷಣೆ ಕೊಟ್ಟಿತು. ಇದು ಫೋಟೋ ಕುರಿತ ತೀರ್ಪಲ್ಲ. ಆದರೂ ಬರೀ ಸ್ಕ್ಯಾನ್ ಮಾಡಿದವರ ವಾದ ಈ ಅಳತೆಗೋಲಿನ ಮುಂದೆ ನಿಲ್ಲುವುದು ಕಷ್ಟ. ಹಳೆಯ ಫೋಟೋಗೆ ಯಾರಾದರೂ ಆಲೋಚಿಸಿ ಬಣ್ಣ ತುಂಬಿದ್ದರೆ ಆ ಬಣ್ಣದ ಕೆಲಸದ ಮೇಲೆ ಅವರು ಹಕ್ಕು ಹೇಳಬಹುದು. ಮೂಲ ಕಪ್ಪು-ಬಿಳುಪು ಚಿತ್ರ ಆಗಲೂ ಮುಕ್ತವಾಗಿಯೇ ಇರುತ್ತದೆ.

ಎಚ್ಚರ: ಇವು ಫ್ರೀ ಅಲ್ಲ

ಕಪ್ಪು-ಬಿಳುಪಾದದ್ದೆಲ್ಲ ಹಳೆಯದಲ್ಲ. ಮೈಸೂರಿನ ಹೆಸರಾಂತ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೀರಿಕೊಂಡದ್ದು 2009ರಲ್ಲಿ. 1970ರ ದಶಕದಲ್ಲಿ ಅವರು ತೆಗೆದ ಚಿತ್ರ ನೋಡಲು ಎಷ್ಟೇ ಹಳೆಯದೆನಿಸಿದರೂ ಅದಕ್ಕೆ ಕಾಪಿರೈಟ್ ಇದೆ.

ನಾಸಾ ಫೋಟೋಗಳು ಸಾಮಾನ್ಯವಾಗಿ ಮುಕ್ತ, ಏಕೆಂದರೆ ಅಮೆರಿಕದ ಕಾನೂನು ಅಲ್ಲಿನ ಕೇಂದ್ರ ಸರ್ಕಾರದ ಕೃತಿಗಳಿಗೆ ಕಾಪಿರೈಟ್ ಕೊಡುವುದಿಲ್ಲ. ಆದರೆ ಇಸ್ರೋ ಫೋಟೋಗೆ ಅದೇ ನಿಯಮ ಅನ್ವಯಿಸದು. ನಮ್ಮಲ್ಲಿ ಸರ್ಕಾರಿ ಕೃತಿಗೂ 60 ವರ್ಷದ ಹಕ್ಕು ಇದೆ.

ಹಣ ಕೊಡಬೇಕಾದ ಸೈಟಿನ ಷರತ್ತು ಒಪ್ಪಿ ಡೌನ್‌ಲೋಡ್ ಮಾಡಿಕೊಂಡರೆ ಆ ಷರತ್ತು ನಿಮ್ಮನ್ನು ಕಟ್ಟಿಹಾಕಬಹುದು. ಅದು ಕಾಪಿರೈಟ್ ಅಲ್ಲ, ಕರಾರು. ಅದೇ ಚಿತ್ರ ಉಚಿತ ಸಂಗ್ರಹದಲ್ಲಿದ್ದರೆ ಅಲ್ಲಿಂದ ತೆಗೆದುಕೊಳ್ಳಿ. ವಾಟರ್‌ಮಾರ್ಕ್ ಅಳಿಸಿ ಬಳಸುವ ಗೋಜಿಗೆ ಹೋಗಬೇಡಿ.

ದಂಡದ ಪತ್ರ ಬಂದರೆ ಏನು ಮಾಡಬೇಕು?

ಯೂಟ್ಯೂಬ್ ಚಾನೆಲ್, ಸುದ್ದಿ ಪೇಜ್ ನಡೆಸುವವರಿಗೆ, ಪುಸ್ತಕ ಅಚ್ಚು ಹಾಕಿಸುವವರಿಗೆ ಇದು ಮುಖ್ಯ.

1. ಗಾಬರಿಯಾಗಿ ಹಣ ಕಟ್ಟಬೇಡಿ. ಇಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಕಂಪನಿಯ ಹೆಸರಿನಲ್ಲಿ ಮೋಸಗಾರರೂ ಬರೆಯುತ್ತಾರೆ. ಹಾಗೆಂದು ಪತ್ರವನ್ನು ಅಳಿಸಿಯೂ ಹಾಕಬೇಡಿ.

2. ಚಿತ್ರದ ಮೂಲ ಹುಡುಕಿ. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ವಿಕಿಮೀಡಿಯಾ ಕಾಮನ್ಸ್, ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ತೆಗೆದವರ ಹೆಸರು, ವರ್ಷ, ಮೊದಲು ಅಚ್ಚಾದ ಪುಸ್ತಕ ಸಿಕ್ಕರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

3. ಲಿಖಿತವಾಗಿ ನಾಲ್ಕು ಪ್ರಶ್ನೆ ಕೇಳಿ: ಫೋಟೋ ಯಾರು ತೆಗೆದರು? ಯಾವಾಗ? ಮೊದಲು ಎಲ್ಲಿ ಪ್ರಕಟವಾಯಿತು? ಹಕ್ಕು ನಿಮಗೆ ಯಾರಿಂದ ಬಂತು, ದಾಖಲೆ ಎಲ್ಲಿ? ನಿಜವಾದ ಹಕ್ಕುದಾರರಿಗೆ ಇವಕ್ಕೆ ಉತ್ತರಿಸುವುದು ಕಷ್ಟವಲ್ಲ.

4. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಕ್ಲೇಮ್ ಬಂದಿದ್ದರೆ, ಚಿತ್ರ ಮುಕ್ತವಾದದ್ದು ಎಂಬ ಖಾತ್ರಿ ಇದ್ದಾಗ ಡಿಸ್ಪ್ಯೂಟ್ ಹಾಕಬಹುದು. ಎದುರಿನವರು 30 ದಿನದೊಳಗೆ ಉತ್ತರಿಸದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ.

5. ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್ ನೆನಪಿರಲಿ. ಬುಡವಿಲ್ಲದ ಹಕ್ಕು ಹೇಳಿ ಕೇಸಿನ ಬೆದರಿಕೆ ಹಾಕಿದರೆ, ಬೆದರಿಕೆಗೆ ಒಳಗಾದವರೇ ಕೋರ್ಟಿಗೆ ಹೋಗಿ, ತಾವು ಮಾಡಿದ್ದು ಉಲ್ಲಂಘನೆಯಲ್ಲ ಎಂಬ ಘೋಷಣೆ, ಬೆದರಿಕೆಗೆ ತಡೆ ಮತ್ತು ನಷ್ಟ ಪರಿಹಾರ ಕೇಳಬಹುದು. ಎದುರಿನವರು ನಿಜವಾಗಿಯೇ ಉಲ್ಲಂಘನೆಯ ದಾವೆ ಹೂಡಿ ನಡೆಸಿದರೆ ಈ ದಾರಿ ಇರುವುದಿಲ್ಲ. ಆಗ ಅದೇ ದಾವೆಯಲ್ಲಿ ಉತ್ತರ ಕೊಡಬೇಕು.

6. ವಕೀಲರ ನೋಟಿಸ್ ಅಥವಾ ಕೋರ್ಟ್ ಸಮನ್ಸ್ ಬಂದರೆ ತಡಮಾಡದೆ ವಕೀಲರನ್ನು ಕಾಣಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಸಹಾಯವಾಣಿ 15100.

ಮುಕ್ತ ಚಿತ್ರಗಳು ಎಲ್ಲಿ ಸಿಗುತ್ತವೆ?

ಬ್ರಿಟಿಷ್ ಲೈಬ್ರರಿ ಹಳೆಯ ಪುಸ್ತಕಗಳಲ್ಲಿದ್ದ 10 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು 2013ರಲ್ಲಿ ಫ್ಲಿಕರ್‌ನಲ್ಲಿ ಮುಕ್ತವಾಗಿ ಹಾಕಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3.75 ಲಕ್ಷ ಚಿತ್ರಗಳನ್ನು, ಸ್ಮಿತ್‌ಸೋನಿಯನ್ 2020ರಲ್ಲಿ 28 ಲಕ್ಷ ಚಿತ್ರಗಳನ್ನು ಬಿಡುಗಡೆ ಮಾಡಿದವು. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಕೆಳಗೆ ಅದು ಏಕೆ ಮುಕ್ತ ಎಂದು ಬರೆದಿರುತ್ತದೆ. ಅಲ್ಲಿಯೂ ತಪ್ಪುಗಳು ಇರಬಹುದು, ಆದ್ದರಿಂದ ವರ್ಷವನ್ನು ನೀವೂ ಒಮ್ಮೆ ನೋಡಿ. ಬಳಸುವಾಗ ತೆಗೆದವರ ಹೆಸರು, ವರ್ಷ, ಸಿಕ್ಕಿದ ಜಾಗ ಇಷ್ಟನ್ನು ಕೆಳಗೆ ಬರೆಯಿರಿ. ಮುಕ್ತ ಚಿತ್ರಕ್ಕೆ ಇದು ಕಡ್ಡಾಯವಲ್ಲ. ಆದರೆ ಹೀಗೆ ಬರೆದ ಒಂದು ಸಾಲು ನಿಮ್ಮ ನಂತರ ಆ ಚಿತ್ರವನ್ನು ಬಳಸುವವರಿಗೆ ಸಾಕ್ಷಿಯಾಗಿ ಉಳಿಯುತ್ತದೆ.

ಫಾರ್ವರ್ಡ್ ಮಾಡಲು ನಾಲ್ಕು ಸಾಲು

ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಫ್ರೀ ಅಲ್ಲ. ವಾಟರ್‌ಮಾರ್ಕ್ ಇದ್ದದ್ದೆಲ್ಲ ಕಂಪನಿಯದ್ದಲ್ಲ. ಭಾರತದಲ್ಲಿ 1951ರ ಅಂತ್ಯದೊಳಗೆ ಪ್ರಕಟವಾದ ಫೋಟೋ ಎಲ್ಲರದು. ಹಣ ಕೇಳಿ ಪತ್ರ ಬಂದರೆ ಮೊದಲು ಕೇಳಿ: ಯಾರು ತೆಗೆದದ್ದು, ಯಾವಾಗ, ನಿಮ್ಮ ಹಕ್ಕಿನ ದಾಖಲೆ ಎಲ್ಲಿ?